ಕಡತ ಸಮನ್ವಯ ಕಚೇರಿಯ ಸಮುದ್ರ

ಕಳೆದ ಒಂದು ವರ್ಷದಿಂದ ನಮ್ಮ ಕಚೇರಿಯಲ್ಲಿ ಯಾರೂ ಲಂಚ ಮುಟ್ಟಿಲ್ಲ. ಇದಕ್ಕೆ ಕಾರಣ ಸಮುದ್ರ.

ವಿಜಯಪುರಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು ಮೇಲಿನವರು ಆಗಾಗ ಕೇಳುತ್ತಿರುವುದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುವುದು ಸೂಕ್ತವೆಂದು ಭಾವಿಸಿದ್ದೇನೆ. ನಾನು ಮಹಾನಂದಾ, ಕಡತ ಸಮನ್ವಯ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ. ನಮ್ಮ ಕಚೇರಿ ಸ್ಟೇಷನ್ ರಸ್ತೆಯ ಒಂದು ಪಾತ್ರೆ ಅಂಗಡಿಯ ಮೇಲಿದೆ. ಒಂದು ಇಲಾಖೆಯ ಕಡತ ಇನ್ನೊಂದು ಇಲಾಖೆಗೆ ನೇರವಾಗಿ ಹೋಗುವಂತಿಲ್ಲ. ಮೊದಲು ನಮ್ಮಲ್ಲಿಗೆ ಬರಬೇಕು, ಕೆಲಕಾಲ ಕುಳಿತಿರಬೇಕು, ಆಮೇಲೆ ಮುಂದಕ್ಕೆ ಹೋಗಬೇಕು. ಹೀಗೆ ಕುಳಿತಿರುವುದಕ್ಕೇ ಸಮನ್ವಯ ಎನ್ನುತ್ತಾರೆ.

ನಮ್ಮ ಅಧೀಕ್ಷಕರು ಸುಶೀಲೇಂದ್ರ ಸಾಹೇಬರು. ಸಭ್ಯರು, ಮೃದುಭಾಷಿಗಳು. ಲಂಚವನ್ನು ಎಂದೂ ಬಾಯಿಬಿಟ್ಟು ಕೇಳಿದವರಲ್ಲ. ತಾವಾಗಿಯೇ ಕೊಟ್ಟವರ ಮನಸ್ಸನ್ನು ನೋಯಿಸಿದವರೂ ಅಲ್ಲ. ಅವರ ಪತ್ನಿ ಪ್ರಾಚಿ ಮೇಡಂ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಾರೆ. ಮುಂದಿನ ಮಾತುಕತೆಯನ್ನು ಅವರೇ ನನಗೆ ಹೇಳಿದ್ದು.

ಒಂದು ದಿನ ಊಟದ ಹೊತ್ತಿನಲ್ಲಿ ಮೇಡಂ, "ರೀ, ಹದಿನೈದು ವರ್ಷದಿಂದ ಹುಡುಗರಿಗೆ ಉಬ್ಬರ ಇಳಿತ ಕಲಿಸ್ಲಿಕ್ಕೆ ಹತ್ತೀನಿ. ನಾನಽ ಒಂದ್ಸಲಾನೂ ನೋಡಿಲ್ಲ. ಸೂಟಿಯೊಳಗ ಸಮುದ್ರಕ್ಕ ಹೋಗಿ ಬರೋಣು" ಎಂದರಂತೆ.

ಅದೇ ವಾರ, ಹೆಸರು ಹೇಳಬೇಕಾಗಿಲ್ಲದ ಒಂದು ಬ್ಯಾಂಕಿನಿಂದ ಟೈ ಕಟ್ಟಿಕೊಂಡ ತರುಣನೊಬ್ಬ ಕಚೇರಿಗೆ ಬಂದು ಸಾಹೇಬರಿಗೆ ಒಂದು ಕ್ರೆಡಿಟ್ ಕಾರ್ಡು ಕೊಟ್ಟು ಹೋಗಿದ್ದ. ಜೊತೆಗೊಂದು ನುಣುಪಾದ ಪುಸ್ತಿಕೆ. ಅದರ ನಡುಪುಟದಲ್ಲಿ ನೀಲಸಾಗರ ವಿಲಾಸ ಎಂಬ ಹೋಟೆಲಿನ ಚಿತ್ರವಿತ್ತು. ಒಂದು ದ್ವೀಪ, ದ್ವೀಪದಾಚೆ ನೀರಿನೊಳಗೇ ಕಂಬ ನೆಟ್ಟು ಕಟ್ಟಿದ ಮನೆಗಳು, ಗಾಜಿನ ನೆಲ, ನೆಲದಡಿ ಮೀನು. ಕಾರ್ಡಿನಿಂದ ಖರೀದಿ ಮಾಡಿದಷ್ಟೂ ಪಾಯಿಂಟು ಕೂಡುತ್ತವೆ, ಪಾಯಿಂಟು ಸಾಕಷ್ಟಾದರೆ ಈ ಮನೆಯಲ್ಲಿ ಇಬ್ಬರು ಉಚಿತವಾಗಿ ಇರಬಹುದು ಎಂದು ಕೆಳಗೆ ಬರೆದಿತ್ತು. ಪಾಯಿಂಟು ಇಲ್ಲದವರಿಗೆ ಎಷ್ಟು ಖರ್ಚಾಗುತ್ತದೆ ಎಂಬುದೂ ಇತ್ತು. ಆ ಸಾಲನ್ನು ಓದಿದ ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಪ್ರಾಚಿ, ಸಮುದ್ರಕ್ಕ ಹೋಗೂದು ಪಕ್ಕಾ," ಎಂದರು ಸಾಹೇಬರು ಮನೆಯಲ್ಲಿ. "ಆದ್ರ ಪಾಯಿಂಟಿನ ಮ್ಯಾಲೆ."

"ಪಣಜಿಗೆ ಬಸ್ಸು ಅದ ಅಲ್ರಿ. ಬೆಳಗಾಗೂದ್ರಾಗ ಮುಟ್ಟಸ್ತಾನ."

"ಅದು ರೊಕ್ಕಾ ಕೊಟ್ಟು ನೋಡೂ ಸಮುದ್ರ. ಇದು ಪುಕ್ಕಟೆ."

"ಸಮುದ್ರ ಎಲ್ಲಾ ಕಡೆ ಪುಕ್ಕಟೇನಽ ಇರ್ತದ."

"ಅದು ಸಾಮಾನ್ಯ ಸಮುದ್ರ," ಎಂದರು ಸಾಹೇಬರು.

ಅಂದಿನಿಂದ ಅವರ ಮನೆಗೆ ಬರುವ ಜೋಳ, ಬೇಳೆ, ಸಾಬೂನು, ಉಪ್ಪು ಎಲ್ಲವೂ ಕಾರ್ಡಿನ ಮೇಲೆಯೇ ಬರತೊಡಗಿದವು. ಯಂತ್ರವಿಲ್ಲದ ಅಂಗಡಿಯ ಕೊತ್ತಂಬರಿ ನಿಂತುಹೋಯಿತು. ಆದರೆ ಇಬ್ಬರೇ ಇರುವ ಮನೆ ಎಷ್ಟು ತಿಂದೀತು? ತಿಂಗಳ ಕೊನೆಗೆ ಕೂಡಿದ ಪಾಯಿಂಟಿಗೆ ಆ ಹೋಟೆಲಿನಲ್ಲಿ ಒಂದು ಟವೆಲ್ಲೂ ಬರುತ್ತಿರಲಿಲ್ಲ. ಸಾಹೇಬರು ಕಳೆಗುಂದಿದರು. ಕಡತಗಳು ಮೊದಲಿಗಿಂತ ಹೆಚ್ಚು ಸಮನ್ವಯಗೊಳ್ಳತೊಡಗಿದವು.

ಇಂಥ ಸಮಯದಲ್ಲಿ ಘೋಣಸಗಿಯಿಂದ ಬಸಗೊಂಡಪ್ಪ ಬಂದ. ದ್ರಾಕ್ಷಿ ಬೆಳೆಯುವ ರೈತ. ಅವರ ತೋಟಗಳ ಕಡೆಗೆ ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸುವ ಕಡತ ನಮ್ಮಲ್ಲಿ ಕುಳಿತಿತ್ತು. ಅವನು ಎಂದಿನಂತೆ ನಮಸ್ಕಾರ ಮಾಡಿ, ಎಂದಿನಂತೆ ಜೇಬಿಗೆ ಕೈಹಾಕಿ, "ಲಗೂನ ಮುಗಸ್ರಿ ಸಾಹೇಬ್ರ, ಔಷಧ ಹೊಡಿಯೂ ಮಶೀನ್ ಬ್ಯಾರೆ ತಗೋಬೇಕು, ಅಂಗಡಿ ಮುಚ್ಚತಾವು" ಎಂದ.

ಸಾಹೇಬರು ತಲೆಯೆತ್ತಿದರು. "ಮಶೀನಿಗೆ ರೊಕ್ಕಾ ತಂದೀಯೇನು?"

"ಹೂನ್ರಿ, ಚೀಲದಾಗ ಐತಿ."

"ನಡಿ, ನಾನೂ ಬರ್ತೀನಿ."

ಇಬ್ಬರೂ ಕೆಳಗಿಳಿದು ಹೋದರು. ಅಂಗಡಿಯಲ್ಲಿ ಸಾಹೇಬರು ತಮ್ಮ ಕಾರ್ಡು ಉಜ್ಜಿದರು. ಬಸಗೊಂಡಪ್ಪ ಅಷ್ಟೂ ಹಣವನ್ನು ಸಾಹೇಬರ ಕೈಗೆ ಕೊಟ್ಟ. ಮಶೀನು ಬಸಗೊಂಡಪ್ಪನ ಹೆಗಲೇರಿತು. ಹಿಂತಿರುಗಿದ ಸಾಹೇಬರು ಅದೇ ಸಂಜೆ ಟ್ರಾನ್ಸ್‌ಫಾರ್ಮರಿನ ಕಡತಕ್ಕೆ ಸಹಿ ಹಾಕಿದರು.

"ಸಾಹೇಬ್ರ, ನಿಮಗ ಏನ್ ಕೊಡ್ಲಿ?" ಎಂದ ಬಸಗೊಂಡಪ್ಪ, ಕೈ ಇನ್ನೂ ಜೇಬಿನಲ್ಲೇ ಇತ್ತು.

"ಏನೂ ಬ್ಯಾಡ. ಮಶೀನಿನ ರೊಕ್ಕಾ ಪೂರ್ತಿ ಬಂತು."

"ಅದು ಮಶೀನಿಂದ್ರಿ. ನಿಮ್ದು?"

"ಅದಽ ನಂದು."

ಬಸಗೊಂಡಪ್ಪನಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಲಾಭವಾಗಿದೆ ಎಂಬುದು ಮಾತ್ರ ಗೊತ್ತಾಯಿತು. ತಿಕೋಟಾ ಬಸ್ಸಿನಲ್ಲಿ ಊರು ಮುಟ್ಟುವತನಕ ಅವನು ಇದೇ ಮಾತು ಹೇಳಿದನೆಂದೂ, ಬಸ್ಸು ನಿಂತ ಮೇಲೂ ಜನ ಇಳಿಯಲಿಲ್ಲವೆಂದೂ ಆಮೇಲೆ ತಿಳಿಯಿತು. ಮುಂದಿನ ಸೋಮವಾರ ನಮ್ಮ ಮೆಟ್ಟಿಲ ಮೇಲೆ ಜಾಗವಿರಲಿಲ್ಲ. ಒಬ್ಬನಿಗೆ ಪೈಪು ಬೇಕಿತ್ತು, ಒಬ್ಬನಿಗೆ ಮಗಳ ಮದುವೆಯ ಕಪಾಟು, ಒಬ್ಬಾಕೆಗೆ ಗ್ರೈಂಡರು. ಎಲ್ಲರ ಕೈಯಲ್ಲೂ ನಗದು. ಎಲ್ಲರ ಕಡತವೂ ನಮ್ಮಲ್ಲಿ. ಎಲ್ಲರಿಗೂ ತಿಳುವಳಿಕೆ ಮೂಡಲಿ ಎಂದು ಸಾಹೇಬರ ಅಪ್ಪಣೆಯಂತೆ ನಾನು ಒಂದು ಪ್ರಕಟಣೆ ಟೈಪು ಮಾಡಿ ಬಾಗಿಲಿಗೆ ಅಂಟಿಸಿದೆ.

"ಸಾರ್ವಜನಿಕರ ಗಮನಕ್ಕೆ. ಈ ಕಚೇರಿಯಲ್ಲಿ ಲಂಚ ಕೊಡುವುದು ಹಾಗೂ ಪಡೆಯುವುದು ಶಿಕ್ಷಾರ್ಹ ಅಪರಾಧ. ಆದಾಗ್ಯೂ, ಏನನ್ನಾದರೂ ಖರೀದಿಸಲಿರುವ ಅರ್ಜಿದಾರರು ಖರೀದಿಗೆ ಮುನ್ನ ಅಧೀಕ್ಷಕರನ್ನು ಕಾಣುವುದು. ಸಣ್ಣ ಕಡತಕ್ಕೆ ಮಿಕ್ಸರ್, ಮಧ್ಯಮ ಕಡತಕ್ಕೆ ಫ್ರಿಜ್, ಜಮೀನು ಮತ್ತು ನೀರಿಗೆ ಸಂಬಂಧಿಸಿದ ಕಡತಕ್ಕೆ ಪಂಪ್‌ಸೆಟ್ ಅಥವಾ ತತ್ಸಮಾನ ವಸ್ತು. ಪೆಟ್ರೋಲು ಮತ್ತು ಬಂಗಾರಕ್ಕೆ ಪಾಯಿಂಟು ಬಾರದ ಕಾರಣ ಅವುಗಳನ್ನು ಜೀವನಾವಶ್ಯಕ ವಸ್ತುಗಳೆಂದು ಪರಿಗಣಿಸಲಾಗುವುದಿಲ್ಲ."

ಯಾರೋ ಮೇಲಕ್ಕೆ ದೂರು ಬರೆದರು. ತನಿಖಾಧಿಕಾರಿಯೊಬ್ಬರು ಬಂದು ಇಡೀ ದಿನ ಕುಳಿತು ಪರಿಶೀಲಿಸಿದರು. ಅರ್ಜಿದಾರ ವಸ್ತುವಿನ ಬೆಲೆಯನ್ನಷ್ಟೇ ಕೊಟ್ಟಿದ್ದಾನೆ, ವಸ್ತು ಅವನಿಗೆ ಸಿಕ್ಕಿದೆ, ಅಂಗಡಿಯವನಿಗೆ ವ್ಯಾಪಾರವಾಗಿದೆ, ಕಡತ ಮುಂದೆ ಹೋಗಿದೆ, ನಮ್ಮ ಅಟೆಂಡರ್ ಬುಡ್ಡೇಸಾಬ ದಿನಾ ಸಂಜೆ ನಗದನ್ನು ಒಯ್ದು ಬ್ಯಾಂಕಿಗೆ ಕಟ್ಟಿದ್ದಾನೆ. ಅನ್ಯಾಯವಾದವನು ಯಾರು ಎಂಬುದು ಅಧಿಕಾರಿಗಳಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಅನ್ಯಾಯವಾದವನಿಲ್ಲದೆ ವರದಿ ಬರೆಯುವುದು ಹೇಗೆಂದು ಅವರು ಬಹಳ ಹೊತ್ತು ಯೋಚಿಸಿದರು. ಹೋಗುವಾಗ ಸಾಹೇಬರನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಗೂ ಒಂದು ವಾಷಿಂಗ್ ಮಶೀನು ಬೇಕಾಗಿದೆ ಎಂದು ತಿಳಿಸಿದರು. ಆ ವರ್ಷದ ಅತ್ಯಂತ ಚುರುಕಾದ ಕಚೇರಿ ಎಂಬ ಪ್ರಶಸ್ತಿ ನಮಗೆ ಬಂತು.

ಹೀಗೆ ಎಲ್ಲವೂ ನಿಯಮಬದ್ಧವಾಗಿ ಸಾಗಿರುವಾಗ ಮಮದಾಪುರದ ಅಮೋಘಿ ಬಂದ.

ಅಮೋಘಿ ಕುರಿ ಕಾಯುವವನು. ಮಮದಾಪುರದ ಹಳೆಯ ಕೆರೆಯ ದಂಡೆಗೆ ಒಂದು ಇಲಾಖೆಯವರು ತಂತಿಬೇಲಿ ಹಾಕಿದ್ದರು. ಬೇಲಿಗೊಂದು ಗೇಟು ಇತ್ತು. ಗೇಟಿನ ಬೀಗ ಇನ್ನೊಂದು ಇಲಾಖೆಯದು. ಬೇಲಿಯವರನ್ನು ಕೇಳಿದರೆ ಬೀಗದವರನ್ನು ಕೇಳು ಎನ್ನುತ್ತಿದ್ದರು; ಬೀಗದವರು, ಬೇಲಿಯೇ ನಮ್ಮದಲ್ಲದ ಮೇಲೆ ತೆಗೆಯುವುದು ಹೇಗೆ ಎನ್ನುತ್ತಿದ್ದರು. ಆದ್ದರಿಂದ ಕಡತ ನಮ್ಮಲ್ಲಿಗೆ ಬಂದಿತ್ತು. ಅಲ್ಲಿಯವರೆಗೆ ಕುರಿಗಳು ನೀರು ಕುಡಿಯಲು ಬಬಲೇಶ್ವರದ ಡಾಂಬರು ರಸ್ತೆಗುಂಟ ಸುತ್ತು ಹಾಕಿ ಹೋಗಬೇಕಿತ್ತು. ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ.

"ಏನು ತಗೋತಿ?" ಎಂದು ಕೇಳಿದರು ಸಾಹೇಬರು.

"ಏನೂ ಇಲ್ರಿ. ಗೇಟ್ ತಗಸ್ರಿ."

"ಗೇಟ್ ತಗಸೋಣು. ಅದಕ್ಕಿಂತ ಮೊದಲು, ಮನಿಗೆ ಏನಾರ ಬೇಕಾಗಿರಬೇಕಲ್ಲಾ? ಫ್ರಿಜ್?"

"ಹಾಲು ಕೆಡೂದ್ರಾಗ ಮಾರ್ತೀವ್ರಿ."

"ಟೀವಿ?"

"ಐತ್ರಿ."

"ಅದಕ್ಕಿಂತ ದೊಡ್ಡದು?"

"ಗ್ವಾಡಿ ಸಣ್ಣದೈತ್ರಿ."

"ಮೊಬೈಲು?"

ಅಮೋಘಿ ಜೇಬಿನಿಂದ ತನ್ನ ಮೊಬೈಲು ತೆಗೆದು ತೋರಿಸಿದ. "ಇನ್ನೊಂದು ತಗೊಂಡು ಯಾರಿಗೆ ಹಚ್ಚಲ್ರಿ?"

ಸಾಹೇಬರು ಗದರಲಿಲ್ಲ. ಗದರುವುದು ಅವರ ಸ್ವಭಾವವಲ್ಲ. ಸ್ಟೇಷನ್ ರಸ್ತೆಯಲ್ಲಿ ಒಂದು ದಿನ ಪೂರ್ತಿ ಅಡ್ಡಾಡಿ, ಏನಾದರೂ ಮನಸ್ಸಿಗೆ ಬಂದರೆ ಬಂದು ಹೇಳು ಎಂದು ಕಳಿಸಿದರು. ಅಮೋಘಿ ವಿಧೇಯ ಮನುಷ್ಯ. ಪ್ರತಿಯೊಂದು ಅಂಗಡಿಯ ಮುಂದೆಯೂ ನಿಂತು ನೋಡಿದ. ಒಂದು ಅಂಗಡಿಯವರು ಅವನನ್ನು ಸೋಫಾದ ಮೇಲೆ ಕೂರಿಸಿದರು, ಇನ್ನೊಬ್ಬರು ಕೈಗೆ ಗಡಿಯಾರ ಕಟ್ಟಿದರು. ಸಂಜೆ ಹಿಂತಿರುಗಿದಾಗ ಅವನ ಮುಖ ಬಾಡಿತ್ತು.

"ಎಲ್ಲಾ ನೋಡಿದ್ನಿರಿ ಸಾಹೇಬ್ರ. ಎಲ್ಲಾ ಚಲೋ ಅದಾವು. ಆದ್ರ ಯಾವುದೂ ಬೇಕು ಅನಿಸವಲ್ದು. ತಪ್ಪಾತ್ರಿ."

ಇಂಥ ಪ್ರಕರಣಕ್ಕೆ ನಿಯಮವಿರಲಿಲ್ಲ. ಸಾಹೇಬರು ವಿಚಾರ ಮಾಡಿ, ತನಗೆ ಏನೂ ಬೇಕಾಗಿಲ್ಲ ಎಂಬುದಕ್ಕೆ ಒಂದು ನಿರಪೇಕ್ಷಾ ಪ್ರಮಾಣಪತ್ರ ತರುವಂತೆ ಅಮೋಘಿಗೆ ಹೇಳಿದರು. ಅವನು ಊರಿನ ಕಚೇರಿಗೆ ಹೋದ. ನಿರಾಕ್ಷೇಪಣಾ ಪತ್ರವಾದರೆ ಈಗಲೇ ಕೊಡಬಹುದು, ನಿರಪೇಕ್ಷಾ ಪತ್ರ ಕೊಡುವ ಅಧಿಕಾರ ತಮಗಿಲ್ಲ, ಅದು ಬಹುಶಃ ಮಠದವರ ವ್ಯಾಪ್ತಿಗೆ ಬರುತ್ತದೆ ಎಂದು ಅಲ್ಲಿಯವರು ತಿಳಿಸಿದರು.

ಮರುವಾರ ಅಮೋಘಿಯ ಜೊತೆ ಅವನ ತಾಯಿ ಸಾವಂತ್ರವ್ವ ಬಂದಳು. ಅವಳು ಕುರ್ಚಿಯಲ್ಲಿ ಕೂರಲಿಲ್ಲ.

"ನಿನ್ನಿ ಎರಡು ಮರಿ ಟ್ಯಾಕ್ಟರ್ ಗಾಲಿಗೆ ಹ್ವಾದವು. ಅದ್ರಾಗ ಒಂದು ಇನ್ನಾ ಹುಲ್ಲು ಕಚ್ಚಿರಲಿಲ್ಲ, ಬರೇ ಮಲಿ ಕುಡೀತಿತ್ತು. ಅದರ ತಾಯಿ ರಸ್ತಾ ಬಿಟ್ಟು ಏಳವಲ್ದಾಗಿತ್ತು. ನೀವು ಕೇಳಿದ್ದು ಏನೈತಿ ಅದನ್ನ ತಗೋತೀವಿ ಯಪ್ಪಾ. ಯಾವುದು ತಗೋಬೇಕು ಹೇಳ್ರಿ."

ಸಾಹೇಬರ ಮನಸ್ಸು ಕರಗಿದ್ದು ಎಲ್ಲರಿಗೂ ಕಾಣುತ್ತಿತ್ತು. ಆದರೆ ನಿಯಮ ಅವರೇ ಮಾಡಿದ್ದು. ತಾವೇ ಮಾಡಿದ ನಿಯಮವನ್ನು ತಾವೇ ಮುರಿದರೆ ಉಳಿದ ಅರ್ಜಿದಾರರು ಏನೆಂದುಕೊಂಡಾರು?

ಆಗ ಸಾಲಿನಲ್ಲಿ ನಿಂತಿದ್ದ ಜಹೀರ ಒಂದು ಮಾತು ಹೇಳಿದ. ಜಹೀರ ಕುರಿ ವ್ಯಾಪಾರಿ. ಅವನ ಅಂಗಡಿಯಲ್ಲಿ ಕಾರ್ಡು ಉಜ್ಜುವ ಯಂತ್ರ ಹೊಸದಾಗಿ ಬಂದಿತ್ತು.

"ಸಾಬ್, ಇವರಿಗೆ ಕುರಿ ಬೇಕಲ್ರಿ?"

"ಕುರಿ ಅವರ ಹತ್ರ ಅದಾವಲ್ಲೋ."

"ಅವೇ ಕುರಿ ಬೇಕಲ್ಲ ಅವರಿಗೆ? ಅವರು ಅವನ್ನೇ ತಗೊಳ್ಳಲಿ. ನನ್ನ ಮಶೀನ್ ಮ್ಯಾಲೆ."

ಸಾಹೇಬರು ಬುಡ್ಡೇಸಾಬನಿಗೆ ಹೇಳಿ ಎಲ್ಲರಿಗೂ ಚಹಾ ತರಿಸಿದರು.

ವಹಿವಾಟು ಹೀಗೆ ನಡೆಯಿತು. ಅಮೋಘಿ ತನ್ನ ಹಿಂಡನ್ನು ಜಹೀರನಿಗೆ ಮಾರಿದಂತೆ ಆಯಿತು. ಅದೇ ಹಿಂಡನ್ನು ಅಮೋಘಿ ಜಹೀರನಿಂದ ಕೊಂಡಂತೆಯೂ ಆಯಿತು. ಕೊಂಡದ್ದಕ್ಕೆ ಸಾಹೇಬರು ಕಾರ್ಡು ಉಜ್ಜಿದರು. ಎರಡು ದಿನ ಬಿಟ್ಟು ಬ್ಯಾಂಕಿನಿಂದ ಹಣ ಜಹೀರನ ಖಾತೆಗೆ ಬಂತು. ಜಹೀರ ಅದನ್ನು ಅಮೋಘಿಗೆ ಕೊಟ್ಟ, ಅಮೋಘಿ ಸಾಹೇಬರಿಗೆ ಕೊಟ್ಟ, ಸಾಹೇಬರು ಬುಡ್ಡೇಸಾಬನಿಗೆ ಕೊಟ್ಟರು, ಬುಡ್ಡೇಸಾಬ ಒಯ್ದು ಬ್ಯಾಂಕಿಗೆ ಕಟ್ಟಿದ. ಯಾರ ಬಳಿಯೂ ಹಣವಿರಲಿಲ್ಲ. ಆದರೂ ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಪೂರ್ತಿ ಹಣ ಸಲ್ಲಿಸಿದರು. ಈ ಅವಧಿಯಲ್ಲಿ ಕುರಿಗಳು ಮಮದಾಪುರದಲ್ಲಿ ಮೇಯುತ್ತಿದ್ದವು.

ಒಂದು ತೊಡಕು ಮಾತ್ರ ಇತ್ತು. ಯಂತ್ರದ ಕಂಪನಿಯವರು ನೂರಕ್ಕೆ ಎರಡರಂತೆ ಮುರಿದುಕೊಳ್ಳುತ್ತಿದ್ದರು. ಅಮೋಘಿಯ ಹಿಂಡು ಐವತ್ತರ ಆಸುಪಾಸಿನದು. ಹೀಗಾಗಿ ಆ ಕೊರತೆ ತುಂಬಲು ಪ್ರತಿ ಖರೀದಿಗೆ ಒಂದು ಕುರಿ ಜಹೀರನ ಪಾಲಿಗೆ ಹೋಗುತ್ತಿತ್ತು.

"ನಾ ತಿನ್ನೂದಲ್ಲವ್ವಾ, ಮಶೀನ್ ತಿಂತೈತಿ," ಎಂದು ಜಹೀರ ಸಾವಂತ್ರವ್ವನಿಗೆ ಕೈಮುಗಿದು ಹೇಳಿದ. ಅದು ನಿಜವೂ ಆಗಿತ್ತು.

ಒಂದೇ ಖರೀದಿಗೆ ಕಡತ ಮುಗಿಯಬೇಕಿತ್ತು. ಆದರೆ ಅದೇ ವಾರ ಹೋಟೆಲಿನಿಂದ ಸಾಹೇಬರಿಗೆ ಒಂದು ಸಂದೇಶ ಬಂತು. ಸದಸ್ಯರ ಅನುಭವವನ್ನು ಇನ್ನಷ್ಟು ಸಮೃದ್ಧಗೊಳಿಸುವ ಸಲುವಾಗಿ ನೀರಮನೆಗೆ ಬೇಕಾದ ಪಾಯಿಂಟುಗಳನ್ನು ಹೆಚ್ಚಿಸಲಾಗಿದೆ ಎಂದು ಅದರಲ್ಲಿತ್ತು. ಸಾಹೇಬರು ಹಣೆ ಹಿಡಿದು ಕುಳಿತರು. ಆಮೇಲೆ ಪ್ರಕಟಣೆಗೆ ತಿದ್ದುಪಡಿಯಾಯಿತು: ನೀರಿಗೆ ಸಂಬಂಧಿಸಿದ ಕಡತಗಳಿಗೆ ಇನ್ನು ಮುಂದೆ ಎರಡು ಖರೀದಿ. ಅಮೋಘಿ ತನ್ನ ಹಿಂಡನ್ನು ಮತ್ತೆ ಕೊಂಡ. ಹೋಟೆಲಿನವರು ಅನುಭವವನ್ನು ಮತ್ತೆ ಸಮೃದ್ಧಗೊಳಿಸಿದರು. ಅಮೋಘಿ ಮತ್ತೆ ಕೊಂಡ.

ಈ ಪದ್ಧತಿ ಉಳಿದವರಿಗೂ ಹಿಡಿಸಿತು. ಏನಾದರೂ ಬೇಕಾಗಿಯೇ ಇರಬೇಕೆಂಬ ಕಟ್ಟುಪಾಡು ತಪ್ಪಿತ್ತು. ತಿಕೋಟಾದಲ್ಲಿ ಒಬ್ಬ ತನ್ನದೇ ಎತ್ತುಗಳನ್ನು ಕೊಂಡ. ಬಸಗೊಂಡಪ್ಪ ತಾನು ಬೆಳೆದ ದ್ರಾಕ್ಷಿಯನ್ನು ತಾನೇ ಕೊಂಡು, ದರ ಜಾಸ್ತಿಯಾಯಿತೆಂದು ತನ್ನ ಜೊತೆ ತಾನೇ ಚೌಕಾಸಿ ಮಾಡಿದ. ಆ ಭಾಗದ ವಹಿವಾಟು ಏಕಾಏಕಿ ಏರಿದ್ದನ್ನು ಗಮನಿಸಿದ ಮೇಲಿನವರು, ಈ ಸಮೃದ್ಧಿಗೆ ಕಾರಣವೇನೆಂದು ಅಧ್ಯಯನ ಮಾಡಲು ಒಂದು ತಂಡವನ್ನೂ ಕಳಿಸಿದರು. ತಂಡದವರು ದ್ರಾಕ್ಷಿ ತಿಂದು, ಮಣ್ಣು ಫಲವತ್ತಾಗಿದೆ ಎಂದು ಬರೆದುಕೊಂಡು ಹೋದರು.

ಅಮೋಘಿಯ ಮೂರನೆಯ ಖರೀದಿಯಾದ ಮೇಲಿನ ರವಿವಾರ ಸಾವಂತ್ರವ್ವ ಸಾಹೇಬರ ಮನೆ ಹುಡುಕಿಕೊಂಡು ಹೋದಳು. ಸಾಹೇಬರು ಯಾರದೋ ಮಂಚ ಖರೀದಿಗೆ ಹೋಗಿದ್ದರು. ಪ್ರಾಚಿ ಮೇಡಂ ಬಾಗಿಲು ತೆಗೆದರು.

"ಅಕ್ಕಾರ, ಒಂದು ಮಾತು ಹೇಳ್ರಿ," ಎಂದಳು ಸಾವಂತ್ರವ್ವ. "ನನ್ನ ಕುರಿ ನಾ ಎಷ್ಟು ಸಲ ಕೊಳ್ಳೂದು? ಕೊಂಡಂಗ ಕೊಂಡಂಗ ಕಡಿಮಿ ಆಗಾಕತ್ತಾವು. ಕಪ್ಪು ಮಾರಿದು ಹೋತು, ಕೋಡು ಮುರಿದಿದ್ದು ಹೋತು. ಹೋದವಾರ ನಮ್ಮ ಮೊಮ್ಮಗಳು ಲಕ್ಷ್ಮಿ ಬಾಟಲಿ ಹಾಲು ಹಾಕಿ ಸಾಕಿದ್ದು ಹೋತು. ಮೂರು ದಿನ ಆತು, ಹುಡುಗಿ ನನ್ನ ಕೂಡ ಮಾತಾಡವಲ್ಲದು."

ಮೇಡಂ ಅವಳನ್ನು ಒಳಗೆ ಕರೆದು ಕೂರಿಸಿ, ಮೊದಲಿನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಪಾಯಿಂಟು ಎಲ್ಲಿಂದ ಬರುತ್ತವೆ ಎಂಬುದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಸಾಹೇಬರು ಮನೆಗೆ ಬಂದಾಗ ಅವರು ಪಡಸಾಲೆಯಲ್ಲಿ ಕೈಚೀಲ ಹಿಡಿದುಕೊಂಡು ಕುಳಿತಿದ್ದರು.

"ಎಲ್ಲಿಗೆ?" ಎಂದರು ಸಾಹೇಬರು.

"ಪಣಜಿಗೆ. ಬಸ್ಸಿಗೆ."

"ಪ್ರಾಚಿ, ಇನ್ನ ಸ್ವಲ್ಪಽ ಪಾಯಿಂಟು ಕಮ್ಮಿ ಅವ."

"ಇನ್ನ ಸ್ವಲ್ಪ ಕುರೀನೂ ಉಳದಾವಂತ. ಇದ್ದ ಪಾಯಿಂಟಿನ್ಯಾಗ ಎಷ್ಟು ದಿನಾ ಬರ್ತದೋ ಅಷ್ಟಽ ದಿನಾ ಈಗಽ ಬುಕ್ ಮಾಡ್ರಿ. ನಾಳೆ ಆ ಮುದುಕಿ ಗೇಟ್ ತಗಸ್ರಿ. ಇಲ್ಲಾಂದ್ರ ನಾ ಹೊಂಟೆ." ಮೇಡಂ ಸ್ವಲ್ಪ ತಡೆದು ಸೇರಿಸಿದರು: "ಟಿಕೀಟು ರೊಕ್ಕಾ ಕೊಟ್ಟು ತಗೋತೀನಿ. ನಗದು."

ಹೆಂಡತಿ ಮನೆ ಬಿಟ್ಟು ಹೋಗುವ ಮಾತನ್ನು ಸಾಹೇಬರು ಹೇಗೋ ತಡೆದುಕೊಂಡಾರು. ನಗದು ಎಂಬ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ನಿಂತು ಬುಕ್ ಮಾಡಿದರು. ಇದ್ದ ಪಾಯಿಂಟಿಗೆ ಎರಡು ರಾತ್ರಿ ಬಂತು.

ಮರುದಿನ ಅಮೋಘಿಯ ಕಡತಕ್ಕೆ ಸಹಿಯಾಯಿತು. ಬೇಲಿಯ ಇಲಾಖೆಯವರೂ ಬೀಗದ ಇಲಾಖೆಯವರೂ ಎರಡು ಜೀಪುಗಳಲ್ಲಿ ಮಮದಾಪುರಕ್ಕೆ ಬಂದು, ಒಬ್ಬರು ಗೇಟು ಹಿಡಿದುಕೊಂಡರು, ಇನ್ನೊಬ್ಬರು ಬೀಗ ತೆಗೆದರು. ಸಮನ್ವಯಕ್ಕಾಗಿ ನಾನೂ ಹೋಗಿದ್ದೆ. ಕುರಿಗಳು ಒಂದನ್ನೊಂದು ತಳ್ಳುತ್ತ ನೀರಿಗೆ ಇಳಿದವು. ಸಾವಂತ್ರವ್ವ ಗೇಟಿನ ಪಕ್ಕದಲ್ಲಿ ನಿಂತು ಪ್ರತಿ ಕುರಿಯ ಬೆನ್ನ ಮೇಲೂ ಕೈ ಆಡಿಸಿದಳು. ಕೊನೆಯದು ದಾಟಿದ ಮೇಲೂ ಅವಳ ಕೈ ಹಾಗೇ ಇತ್ತು. ಯಾಕೆಂದರೆ ಅವಳ ಕೈಗೆ ಹಳೆಯ ಲೆಕ್ಕ ರೂಢಿಯಾಗಿತ್ತು. ಅಮೋಘಿ ಮಾತ್ರ ಬಹಳ ಸಂತೋಷಪಟ್ಟು, ಯಂತ್ರ ತಿಂದದ್ದು ಟ್ರ್ಯಾಕ್ಟರಿಗಿಂತ ಬಹಳ ಹೆಚ್ಚೇನಲ್ಲ ಎನ್ನುತ್ತ ಎರಡೂ ಇಲಾಖೆಯವರಿಗೆ ಹೂವಿನ ಮಾಲೆ ಹಾಕಿದ.

ಸಾಹೇಬರೂ ಮೇಡಮ್ಮೂ ಸಮುದ್ರಕ್ಕೆ ಹೊರಟರು. ಹೊರಡುವ ಮುನ್ನ, ಸಾರ್ವಜನಿಕರಿಗೆ ತೊಂದರೆಯಾಗಬಾರದೆಂದು ಸಾಹೇಬರು ಖರೀದಿಯ ಪ್ರಭಾರವನ್ನು ನನಗೆ ವಹಿಸಿ ಆದೇಶ ಹೊರಡಿಸಿದರು. ಅವರ ಕಾರ್ಡು ಅವರ ಜೊತೆಯೇ ಹೋಗುವುದರಿಂದ, ಬ್ಯಾಂಕಿನ ಟೈ ತರುಣ ನನಗೂ ಒಂದು ಕಾರ್ಡು ಕೊಟ್ಟು ಹೋದ. ಜೊತೆಗೊಂದು ಪುಸ್ತಿಕೆ. ನಾನು ಅದನ್ನು ತೆರೆದು ನೋಡಲಿಲ್ಲ, ಕನಿಷ್ಠ ಆ ದಿನ.

ನೀಲಸಾಗರ ವಿಲಾಸದಲ್ಲಿ ನಡೆದದ್ದನ್ನು ಮೇಡಂ ಹೇಳಿದಂತೆಯೇ ಬರೆಯುತ್ತೇನೆ. ಮನೆ ಪುಸ್ತಿಕೆಯಲ್ಲಿ ಇದ್ದಂತೆಯೇ ಇತ್ತು. ಗಾಜಿನ ನೆಲದಡಿ ಮೀನೂ ಇದ್ದವು. ಪಾಯಿಂಟಿಗೆ ಸಿಗುವುದು ಮನೆ ಮಾತ್ರ. ಮನೆಯವರೆಗೆ ಹೋಗುವ ದೋಣಿಗೆ ಬೇರೆ ಕೊಡಬೇಕಿತ್ತು. ಮೊದಲ ಬೆಳಗಿನ ನಾಷ್ಟಾಕ್ಕೆ ಹೋದಾಗ ಸಾಹೇಬರು ಪಕ್ಕದ ಮೇಜಿನವರನ್ನು ಮಾತಾಡಿಸಿದರು. ಅವರು ಸೋಲಾಪುರದ ಕಬ್ಬಿಣದ ವ್ಯಾಪಾರಿ. ಪಾಯಿಂಟಿನ ಮೇಲೆ ಬಂದವರು. ಅವರಾಚೆ ಕಲಬುರ್ಗಿಯ ಒಬ್ಬ ಪ್ರಾಂಶುಪಾಲರು, ಅವರೂ ಪಾಯಿಂಟಿನ ಮೇಲೆ. ವಿಚಾರಿಸಿ ನೋಡಿದರೆ ಇಡೀ ದ್ವೀಪದಲ್ಲಿ ಹಣ ಕೊಟ್ಟು ಬಂದವರು ಒಬ್ಬರೂ ಇರಲಿಲ್ಲ.

ಬಿಲ್ಲು ಬಂದಾಗ ಗಲಾಟೆಯಾಯಿತು. ಸಾಹೇಬರು, "ಎಲ್ಲಾರದೂ ನಾ ಕೊಡ್ತೀನಿ, ನೀವು ನನಗ ಆಮ್ಯಾಲೆ ಕೊಡ್ರಿ" ಎಂದು ಕಾರ್ಡು ತೆಗೆದರು. ಕಬ್ಬಿಣದ ವ್ಯಾಪಾರಿ ಅವರ ಕೈ ಹಿಡಿದು, "ಛೆ ಛೆ, ನಾ ಇರಾಗ ನೀವು ಕೊಡೂದಾ?" ಎಂದು ತಮ್ಮ ಕಾರ್ಡು ತೆಗೆದರು. ಪ್ರಾಂಶುಪಾಲರು ಇಬ್ಬರ ನಡುವೆ ನುಗ್ಗಿ ತಟ್ಟೆಯನ್ನೇ ಕಸಿದುಕೊಂಡರು. ಇಷ್ಟು ಉದಾರ ಜನರನ್ನು ತಾನು ಕಂಡಿಲ್ಲವೆಂದು ಹೋಟೆಲಿನ ಹುಡುಗ ಕಣ್ಣು ತುಂಬಿಕೊಂಡನಂತೆ. ಮಧ್ಯಾಹ್ನದ ಊಟಕ್ಕೂ ಹಾಗೇ ಆಯಿತು. ಸಂಜೆಯ ಚಹಾಕ್ಕೆ ಸರದಿ ಗೊತ್ತುಪಡಿಸಲು ಒಂದು ಸಮಿತಿಯಾಗಿ, ಅನುಭವಸ್ಥರೆಂದು ಸಾಹೇಬರನ್ನೇ ಅದರ ಅಧ್ಯಕ್ಷರನ್ನಾಗಿ ಮಾಡಿದರು.

ಸಮುದ್ರದ ಕಡೆಗೆ ಮುಖ ಮಾಡಿ ಕುಳಿತವರು ಮೇಡಂ ಒಬ್ಬರೇ. ನೀರಿಗಿಳಿಯುವ ಕಲ್ಲಿನ ಮೆಟ್ಟಿಲಿನ ಮೇಲೆ ಕುಳಿತಿದ್ದಾಗ ನೀರು ಒಂದೊಂದೇ ಮೆಟ್ಟಿಲು ಏರುತ್ತ ಬಂತು. ಪಾದ ಮುಚ್ಚಿತು, ಸೀರೆಯ ಅಂಚು ತೊಯ್ಯಿಸಿತು. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುತ್ತಿದ್ದ ಉಬ್ಬರಕ್ಕೆ ಹೀಗೊಂದು ಸದ್ದು ಇರುತ್ತದೆಂದು ಅವರಿಗೆ ಗೊತ್ತಿರಲಿಲ್ಲವಂತೆ.

"ರೀ, ಬರ್ರಿ ಲಗೂನ! ಉಬ್ಬರ ಬಂತು!"

"ಬಂದೆ, ಇದೊಂದು ಠರಾವು ಮುಗಿಸಿ ಬಂದೆ!"

ಸಾಹೇಬರು ಬಂದರು. ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡೇ ಬಂದರು. ಆದರೆ ಠರಾವು ಮುಗಿಯಲು ಗಂಟೆಗಟ್ಟಲೆ ಹಿಡಿದು, ಅಷ್ಟರಲ್ಲಿ ನೀರು ಕೆಳಗಿನ ಮೆಟ್ಟಿಲಿಗೆ ಹೋಗಿತ್ತು. ಮೇಡಂ ಒದ್ದೆ ಕಲ್ಲನ್ನು ಮುಟ್ಟಿ, "ಇಲ್ಲಿ ತನಕ ಬಂದಿತ್ತು ನೋಡ್ರಿ" ಎಂದು ತೋರಿಸಿದರು. ಸಾಹೇಬರು ಕಲ್ಲನ್ನು ಮುಟ್ಟಿ ನೋಡಿದರು. ಬಹಳ ಹೊತ್ತು ಅವರ ಪಕ್ಕದಲ್ಲೇ ಕುಳಿತಿದ್ದರು. ಆಮೇಲೆ, "ಮುಂದಿನ ಸಲ ನಾಕು ರಾತ್ರಿ ಇರೋಣು, ಪಾಯಿಂಟು ಚಲೋ ಕೂಡ್ಯಾವ" ಎಂದರು. ಮೇಡಮ್ಮಿಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಅವರು ಹಿಂತಿರುಗುವುದರೊಳಗೆ ನನ್ನ ಪ್ರಭಾರ ಚೆನ್ನಾಗಿಯೇ ನಡೆದಿತ್ತು. ಪುಸ್ತಿಕೆಯನ್ನೂ ನಾನು ತೆರೆದು ನೋಡಿದ್ದೆ. ಮೂವತ್ತೊಂದನೆಯ ಪುಟದಲ್ಲಿ ಹಿಮ ಬಿದ್ದ ಒಂದು ಬೆಟ್ಟವಿತ್ತು, ಬೆಟ್ಟದ ಮೇಲೆ ಕಟ್ಟಿಗೆಯ ಮನೆ, ಕಿಟಕಿಯಲ್ಲಿ ದೀಪ. ವಿಜಯಪುರದ ಬೇಸಿಗೆಯಲ್ಲಿ ಮೂವತ್ತೆಂಟು ವರ್ಷ ಕಳೆದ ನನಗೆ ಆ ಪುಟ ಬಿಟ್ಟು ಮುಂದಕ್ಕೆ ಹೋಗಲಾಗಲಿಲ್ಲ. ಬುಡ್ಡೇಸಾಬನೂ ಒಂದು ಕಾರ್ಡು ಮಾಡಿಸಿಕೊಂಡಿದ್ದ. ಅವನಿಗೆ ಸಿಂಗಾಪುರ ಬೇಕಿತ್ತು. ಸಾಹೇಬರು ಬಂದ ದಿನ ಒಂದೇ ಪಂಪ್‌ಸೆಟ್ಟಿಗೆ ಮೂರು ಕಾರ್ಡುಗಳು ಎದುರಾದವು. ಸಾಹೇಬರು ಬೇಸರಪಟ್ಟುಕೊಳ್ಳಲಿಲ್ಲ. ದ್ವೀಪದ ಸಮಿತಿಯಲ್ಲಿ ಪಡೆದ ಅನುಭವ ಉಪಯೋಗಕ್ಕೆ ಬಂತು. ಸೋಮವಾರದಿಂದ ಬುಧವಾರದವರೆಗೆ ಸಮುದ್ರ, ಗುರುವಾರ ಮತ್ತು ಶುಕ್ರವಾರ ಹಿಮ, ಶನಿವಾರ ಸಿಂಗಾಪುರ ಎಂದು ಸರದಿ ಗೊತ್ತಾಯಿತು. ಬಾಗಿಲಿಗೆ ಹೊಸ ಪ್ರಕಟಣೆ ಅಂಟಿಸಲಾಯಿತು. ಜನರಿಗೆ ಇದರಿಂದ ಯಾವ ತೊಂದರೆಯೂ ಆಗಲಿಲ್ಲ.

ಬ್ಯಾಂಕಿನವರು ಇತ್ತೀಚೆಗೆ ತಮ್ಮ ಲೆಕ್ಕ ತಪಾಸಣೆ ಮಾಡುವಾಗ ಜಹೀರನ ಬಿಲ್ಲುಗಳನ್ನು ನೋಡಿ, ಈ ಭಾಗದಲ್ಲೇ ಅತಿ ಹೆಚ್ಚು ಕುರಿ ಖರೀದಿಸಿದ ವ್ಯಕ್ತಿ ಅಮೋಘಿ ಎಂಬುದನ್ನು ಪತ್ತೆಹಚ್ಚಿದರು. ಟೈ ತರುಣ ಮಮದಾಪುರಕ್ಕೇ ಹೋಗಿ ಅವನಿಗೂ ಕಾರ್ಡು ಕೊಟ್ಟುಬಂದ. ಈಗ ಅಮೋಘಿ ವಾರಕ್ಕೊಮ್ಮೆ ನಮ್ಮ ಮೆಟ್ಟಿಲ ಕೆಳಗೆ ನಿಂತು, ಕಡತ ಇಲ್ಲದೆ ಸ್ಟೇಷನ್ ರಸ್ತೆಗೆ ಬರೀ ಖರೀದಿಗೆ ಬಂದವರನ್ನು ಮಾತಾಡಿಸಿ, ತನ್ನ ಕಾರ್ಡಿನ ಮೇಲೆ ಕೊಳ್ಳಿರೆಂದು ಕೇಳುತ್ತಾನೆ. ಅವನಿಗೆ ವಿಮಾನದಲ್ಲಿ ಕುಳಿತು ಮೋಡವನ್ನು ಮೇಲಿನಿಂದ ನೋಡಬೇಕಾಗಿದೆ. ಏನೂ ಬೇಡ ಎನ್ನುತ್ತಿದ್ದವನಿಗೆ ಕೊನೆಗೂ ಒಂದು ಬೇಕು ಹುಟ್ಟಿತಲ್ಲ ಎಂದು ಸಾಹೇಬರಿಗೆ ಸಮಾಧಾನವಾಗಿದೆ.

ಹೋದ ಗುರುವಾರ ಸಾವಂತ್ರವ್ವ ಬಂದಿದ್ದಳು. ಅವಳ ವೃದ್ಧಾಪ್ಯ ವೇತನದ ಕಡತ ನಮ್ಮಲ್ಲಿ ಬಂದು ಕುಳಿತಿದೆ. ಮೆಟ್ಟಿಲು ಹತ್ತಿ, ಉಸಿರು ಬಿಟ್ಟು, ಕಂಕುಳಿನ ಗಂಟಿನಿಂದ ಮಜ್ಜಿಗೆ ತುಂಬಿದ ಒಂದು ಹಳೆಯ ಗಡಿಗೆ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಇವತ್ತು ಯಾರ ದಿನಾ ಬೇ?"

"ಹಿಮದ ದಿನ, ಅವ್ವಾ."

"ಅಂದ್ರ ನಿಂದು?"

"ಹೌದು, ನಂದಽ."

"ಹಂಗಾರ ಇದನ್ನ ನಾ ನನ್ನ ಕಡೆಯಿಂದ ತಗೊಂಡೀನಂತ ಬರಕೋ."

ಬರೆದುಕೊಂಡೆ. ಜಹೀರನಿಗೆ ಹೇಳಿ ಕಳಿಸಿದೆ. ಅವನು ಯಂತ್ರ ತಂದ, ಕಾರ್ಡು ಉಜ್ಜಿದೆವು. ಯಂತ್ರದ ಪಾಲಿಗೆಂದು ಸಾವಂತ್ರವ್ವ ಗಡಿಗೆಯಿಂದ ಒಂದು ಲೋಟ ಮಜ್ಜಿಗೆ ಬಗ್ಗಿಸಿ ಜಹೀರನಿಗೆ ಕೊಟ್ಟಳು. ಗಡಿಗೆಯನ್ನು ಮತ್ತೆ ಗಂಟು ಕಟ್ಟಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು.

"ಅಲ್ಲೆ ಭಾಳ ಥಂಡಿ ಇರ್ತೈತಂತ. ನಮ್ಮ ಕುರಿ ಉಣ್ಣೀದು ಒಂದು ಕಂಬಳಿ ನೇಸೇನಿ, ಮುಂದಿನ ವಾರ ತರ್ತೇನಿ. ಅದನ್ನ ಹೊಚ್ಚಿಕೊಂಡು ಹೋಗು."

"ಎಷ್ಟು ಕೊಡ್ಲಿ ಅವ್ವಾ?"

"ನೀ ಯಾಕ ಕೊಡ್ತೀ?" ಎಂದಳು ಸಾವಂತ್ರವ್ವ. "ನಾನಽ ತಗೋತೀನಿ, ನಿನ್ನ ಕಾರ್ಡಿನ ಮ್ಯಾಲ."